ಫ್ಯಾನಿಗೆ ಅಂಜುತ್ತಿದ್ದ ವಿಮಾನದ ವಕೀಲರು

ನಮ್ಮ ಹಿರಿಯ ವಕೀಲರು ತೀರಿಕೊಂಡ ಮೂರನೆಯ ದಿನ ಕೊಪ್ಪಳದ ಕೋರ್ಟಿನ ಆವರಣದಲ್ಲಿ ಶೋಕಸಭೆ ಇಟ್ಟಿದ್ದರು. ವಕೀಲರ ಸಂಘದ ಕಾರ್ಯದರ್ಶಿ ನನ್ನನ್ನು ಬಾಗಿಲಲ್ಲೇ ತಡೆದು, "ನೀ ಅವರ ಕೈಕೆಳಗ ಮೂರು ವರ್ಷ ಇದ್ದಾಂವ. ಎರಡು ಒಳ್ಳೆ ಮಾತು ಹೇಳು. ಆದ್ರ ನೋಡಪಾ, ಅವರ ಧ್ವನಿ ತಗದು ನಕಲು ಮಾತ್ರ ಮಾಡಬ್ಯಾಡ," ಅಂದರು. ಎಲ್ಲರ ಭಾಷಣ ಮುಗಿಯುವವರೆಗೂ ನಾನು ಆ ಎರಡು ಒಳ್ಳೆಯ ಮಾತು ಹುಡುಕುತ್ತ ಕೂತೆ. ಒಬ್ಬರು ಅವರನ್ನು ಕಾನೂನಿನ ಸಾಗರ ಅಂದರು. ಇನ್ನೊಬ್ಬರು ಬಡವರ ಬಂಧು ಅಂದರು. ಅಂದ ಮೇಲೆ ತಾವೇ ಕೆಮ್ಮಿದರು. ನನ್ನ ಸರದಿ ಬಂದಾಗ ಮೈಕಿನ ಮುಂದೆ ನಿಂತು, "ಅವರು ಭಾಳ ಕರೆಂಟ್ ಉಳಿಸ್ತಿದ್ರು," ಎಂದು ಹೇಳಿ ಇಳಿದುಬಂದೆ.

ಅದು ಸುಳ್ಳಲ್ಲ. ಕೊಪ್ಪಳದ ಬೇಸಿಗೆಯಲ್ಲಿ ಮಧ್ಯಾಹ್ನ ಎರಡಕ್ಕೆ, ನಾಯಿಗಳು ಸಹ ಚರಂಡಿಯಲ್ಲಿ ಮಲಗುವ ಹೊತ್ತಿನಲ್ಲಿ, ಅವರ ಆಫೀಸಿನ ಫ್ಯಾನು ಅಲ್ಲಾಡುತ್ತಿರಲಿಲ್ಲ. ಕಕ್ಷಿದಾರರು ಬೆವರು ಒರೆಸಿಕೊಳ್ಳುತ್ತ ಮೇಲೆ ನೋಡುವರು. ಆಗ ಅವರು, "ತಲಿ ಮ್ಯಾಲ ತಿರಗೋದು ಯಾವುದನ್ನೂ ನಂಬಬಾರದು," ಅನ್ನುವರು. ಮದುವೆ ಮನೆಗೆ ಹೋದರೆ ಮೊದಲು ಮೇಲೆ ನೋಡಿ, ಆಮೇಲೆ ಕುರ್ಚಿ ಎಳೆದುಕೊಳ್ಳುವರು. ಫ್ಯಾನು ಯಾರ ಮೇಲೋ ಬಿದ್ದಿತ್ತೇ, ಚಿಕ್ಕಂದಿನಲ್ಲಿ ಏನಾದರೂ ಆಗಿತ್ತೇ ಎಂದು ಒಮ್ಮೆ ಕೇಳಿದ್ದೆ. "ಬಿದ್ದಿಲ್ಲ. ಬೀಳೋತನಕ ಕಾಯಬೇಕಂತಿಯೇನು?" ಅಂದರು.

ಇಂಥ ಮನುಷ್ಯನಿಗೆ ನಮ್ಮ ಜಿಲ್ಲೆಯಲ್ಲೆಲ್ಲ ವಿಮಾನದ ವಕೀಲರು ಎಂಬ ಹೆಸರು. ವಿಮಾನ ಹತ್ತಿದವರಲ್ಲ, ಹತ್ತುವ ಆಸೆಯೂ ಇರಲಿಲ್ಲ. ಹೆಸರು ಬಂದದ್ದು ಕುಷ್ಟಗಿಯ ಒಂದು ಮದುವೆಯಿಂದ. ವಿಡಿಯೋ ತೆಗೆಯುವವನ ಪುಟ್ಟ ಡ್ರೋನು ಅಕ್ಷತೆ ಬೀಳುವ ಹೊತ್ತಿಗೆ ಸರಿಯಾಗಿ ಕೆಳಗಿಳಿದು, ಮದುಮಗನ ಬಾಸಿಂಗವನ್ನು ಕಿತ್ತುಕೊಂಡು ಹಂದರದ ಬಟ್ಟೆಗೆ ಸಿಕ್ಕಿಬಿತ್ತು. ಯಾರಿಗೂ ಗಾಯವಾಗಲಿಲ್ಲ, ಮದುಮಗನೇ ಮೊದಲು ನಕ್ಕಿದ್ದು. ಆದರೆ ಊಟದ ಸಾಲಿನಲ್ಲಿ ಕೂತಿದ್ದ ನಮ್ಮವರು ಕೈ ತೊಳೆದು ಎದ್ದು, ಮದುಮಗನ ತಂದೆಯನ್ನು ಮೂಲೆಗೆ ಕರೆದೊಯ್ದರು. ಮರುವಾರ ವಿಡಿಯೋದವನಿಗೆ ನೋಟಿಸು ಹೋಯಿತು: ಸದರಿ ಮಾನವರಹಿತ ವೈಮಾನಿಕ ಯಂತ್ರದಿಂದ ನಮ್ಮ ಕಕ್ಷಿದಾರರ ಬಾಸಿಂಗಕ್ಕೂ ಮನೆತನದ ಪ್ರತಿಷ್ಠೆಗೂ ಧಕ್ಕೆಯಾಗಿದೆ, ಸದರಿ ಯಂತ್ರ ಹಾರಿಸಲು ನಿಮಗೆ ಇರುವ ಪರವಾನಗಿ ಹಾಜರುಪಡಿಸತಕ್ಕದ್ದು. ವಿಡಿಯೋದವ ಈಗ ಕುಷ್ಟಗಿ ಬಸ್‌ಸ್ಟ್ಯಾಂಡಿನ ಎದುರಿಗೆ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತಾನೆ. ಮೇಲಿಂದ ತೆಗೆಯುವುದಿಲ್ಲ.

'ಸದರಿ' ಅವರ ಬಾಯಿಗೆ ಅಂಟಿಕೊಂಡ ಮಾತು. ದಾವೆಯಿಂದ ಎದ್ದು ಬಂದು ಚಹಾದ ಕಪ್ಪಿಗೂ ಇಳಿಯುವುದು. "ಸದರಿ ಚಹಾ ತಣ್ಣಗಾಗೈತಿ, ಒಯ್ಯಿ." ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಹಾಳೆ ತಿರುವುವರು, ತಿರುವಲು ಹಾಳೆ ಇಲ್ಲದಾಗಲೂ ತಾಗಿಸುವರು. ನಾನು ಇವೆರಡನ್ನೂ ಸೇರಿದ ವಾರದಲ್ಲೇ ಕಲಿತು ಕೋರ್ಟಿನ ಕ್ಯಾಂಟೀನಿನಲ್ಲಿ ಮಾಡಿ ತೋರಿಸಿ, ನನ್ನ ಚಹಾ ಬೇರೆಯವರು ಕುಡಿಸುವಂತೆ ಮಾಡಿಕೊಂಡಿದ್ದೆ. ಸುದ್ದಿ ಅವರಿಗೂ ಮುಟ್ಟಿತು. ಬೈಯುತ್ತಾರೆ ಅಂದುಕೊಂಡರೆ ಮೇಲಿಂದ ಕೆಳಗೆ ನೋಡಿ, "ಏ ನಕಲಿ, ಜಡ್ಜ್ ಸಾಹೇಬರದು ಬರ್ತೈತೇನು?" ಅಂದರು. ಬರುತ್ತಿತ್ತು. ಹನುಮಸಾಗರದ ಸಾಲಿಯಲ್ಲಿ ಗಣಿತದ ಮಾಸ್ತರರ ನಕಲು ಮಾಡಿ ಒದೆ ತಿಂದದ್ದು ಬಿಟ್ಟರೆ ನನಗೆ ಬೇರೆ ವಿದ್ಯೆಯೇ ಇರಲಿಲ್ಲ. ಕಾನೂನು ಪರೀಕ್ಷೆಯನ್ನು ಮೂರು ಕಂತಿನಲ್ಲಿ ಪಾಸು ಮಾಡಿದವನು. ಮೈಮೇಲಿನ ಕರಿಕೋಟು ಅವರು ಹಾಕಿ ಬಿಟ್ಟದ್ದು. ಭುಜ ನನ್ನ ಮೊಣಕೈಗೆ ಬರುತ್ತಿತ್ತು. ಬೆದರುಬೊಂಬೆಗೆ ವಕೀಲಿ ಸನದು ಕೊಟ್ಟ ಹಾಗೆ ಕಾಣುತ್ತಿದ್ದೆ.

ನನ್ನ ಆ ವಿದ್ಯೆಯನ್ನು ಅವರು ಕೆಲಸಕ್ಕೆ ಹಚ್ಚಿದರು. ತಮ್ಮ ಕಕ್ಷಿದಾರನನ್ನು ಕೋರ್ಟಿನಲ್ಲಿ ನಿಲ್ಲಿಸುವ ಮುಂಚಿನ ಭಾನುವಾರ ಆಫೀಸಿನಲ್ಲಿ ತಾಲೀಮು. ಎರಡು ಕುರ್ಚಿ ಬೆನ್ನಿಗೆ ಬೆನ್ನು ಇಟ್ಟರೆ ಕಟಕಟೆ. ನಾನು ಎದುರು ಪಕ್ಷದ ವಕೀಲನಾಗಿ, ಅವನದೇ ಗಂಟಲಿನಲ್ಲಿ, ಅವನದೇ ಕೈ ಬೀಸಿನಲ್ಲಿ ಪಾಟೀಸವಾಲು ಹಾಕಬೇಕು. ಸಾಕ್ಷಿ ತಡವರಿಸಿದಲ್ಲಿ ಅವರು ಪೆನ್ಸಿಲಿನಿಂದ ಮೇಜು ಕುಟ್ಟುವರು, ಮತ್ತೆ ಮೊದಲಿನಿಂದ. ಕೋರ್ಟಿನಲ್ಲಿ ಅವರ ಸಾಕ್ಷಿಗಳು ಹೆದರದೆ ನಿಲ್ಲುವ ಗುಟ್ಟು ಇದು. ನಿಜವಾದ ವಕೀಲ ಎದ್ದು ನಿಂತಾಗ ಅವರಿಗೆ ಅವನು ನನ್ನ ನಕಲಿನಂತೆ ಕಾಣುತ್ತಿದ್ದ.

ಇನ್ನು ಇಸ್ಮಾಯಿಲ್ ಮಾಮುವಿನ ವಿಷಯ.

ಗಂಗಾವತಿಯಲ್ಲಿ ಮಾಮುವಿನದು ಎಣ್ಣಿ ಹೊಡೆಯುವ ಪಂಪುಗಳ ರಿಪೇರಿ ಅಂಗಡಿ. ನಮ್ಮ ಕಡೆ ಬೆಳೆಗೆ ಹೊಡೆಯುವ ಔಷಧಿಗೆಲ್ಲ ಎಣ್ಣಿ ಅಂತಲೇ ಹೆಸರು, ಹುಳಕ್ಕಾದರೂ ಕಸಕ್ಕಾದರೂ. ಅಂಗಡಿ ಹಾಕುವ ಮುಂಚೆ ಅವರು ಕೂಲಿಗೆ ಎಣ್ಣಿ ಹೊಡೆಯುತ್ತಿದ್ದವರು. ಅಂಗಿ ಎತ್ತಿ ತೋರಿಸಿದರೆ ಬೆನ್ನಿನ ಮೇಲೆ, ಪಂಪು ಕೂರುವ ಜಾಗದಲ್ಲಿ, ಸೋರಿದ ಎಣ್ಣಿ ಸುಟ್ಟ ಚೌಕ ಇದೆ. ಅದರ ಸಿಟ್ಟಿಗೇ ಅವರು ಡ್ರೋನು ಕಟ್ಟಿದ್ದು. ಆರು ತೋಳು, ಅಲ್ಯೂಮಿನಿಯಂ ಪೈಪಿನ ಕಾಲು, ನಡುವೆ ಎಣ್ಣಿಯ ಕ್ಯಾನು. ಮೋಟರು, ಹಾರಾಟ ನಡೆಸುವ ತಲೆ ಎಲ್ಲ ಹೊರಗಿನಿಂದ ತರಿಸಿದ್ದು. ಕೂಡಿಸಿದ ಕೈ ಮಾಮುವಿನದು. ನಾಲ್ಕು ವರ್ಷ ಕೂಡಿಸಿ ಬಿಚ್ಚಿ ಕೂಡಿಸಿದರು. ನವಲಿಯ ಗದ್ದೆಗಳ ಮೇಲೆ ಅದು ಮೊದಲ ಸಲ ಹೊರಟಾಗ ನಾಟಿ ಹಚ್ಚುತ್ತಿದ್ದ ಹೆಂಗಸರು ಸೊಂಟ ಸೆಟೆದು ನಿಂತು ನೋಡಿದರಂತೆ. ಒಬ್ಬಾಕೆ, "ಸಾಬ್ರ, ನಮ್ಮ ಸೊಸಿಗಿಂತ ಇದ ಛಲೋ ಕೆಲಸ ಮಾಡ್ತೈತಿ ನೋಡ್ರಿ," ಅಂದಳಂತೆ. ಇದನ್ನು ಮಾಮು ಎಷ್ಟು ಸಲ ಹೇಳಿದ್ದಾರೋ ಅಷ್ಟು ಸಲವೂ ಮೊದಲ ಸಲ ಹೇಳುವ ಮುಖ ಮಾಡಿದ್ದಾರೆ.

ಆ ವರ್ಷ ನವಲಿಯ ದ್ಯಾವಪ್ಪ ನಮ್ಮ ಆಫೀಸಿನ ಮೆಟ್ಟಿಲು ಹತ್ತಿದ. ಅವನಿಗೆ ಕಾಲುವೆಯ ಕೆಳಗೆ ಗದ್ದೆ, ಮೇಲೆ ಹತ್ತಿ ಹೊಲ. ಮಗ್ಗುಲ ಗದ್ದೆಯವನು ಮಾಮುವಿನ ಡ್ರೋನಿನಿಂದ ಕಸದ ಎಣ್ಣಿ ಹೊಡೆಸಿದ್ದ. ಹದಿನೈದು ದಿನದಲ್ಲಿ ದ್ಯಾವಪ್ಪನ ಹತ್ತಿ ಎಲೆಗಳೆಲ್ಲ ಬೆರಳು ಮಡಚಿದಂತೆ ಮುದುಡಿದವು. ಗಾಳಿಗೆ ಎಣ್ಣಿ ಹಾರಿ ಬಂದದ್ದು ಎಂದು ಅವನ ದೂರು. ನಮ್ಮವರ ಕಣ್ಣು ಹೊಳೆಯಿತು. ದಾವೆ ಮಾಮುವಿನ ಮೇಲೆ. ಸೋತರೆ ಮಾಮುವಿನ ಯಂತ್ರವನ್ನು ಮುಂದೆ ಯಾರೂ ಹೊಲಕ್ಕೆ ಇಳಿಸುವುದಿಲ್ಲ. ಅದು ನಮಗೆ ಗೊತ್ತಿತ್ತು, ಮಾಮುವಿಗೂ ಗೊತ್ತಿತ್ತು.

ತಾಲೀಮಿನ ಭಾನುವಾರ ನಾನು ಮಾಮುವಿನ ವಕೀಲರಾದೆ. ಅವರು ಆಂಧ್ರದಿಂದ ಬಂದು ನೆಲೆಸಿದವರ ತೆಲುಗು ಕ್ಯಾಂಪಿನ ಕಡೆಯವರು, ಸಾಧು ಮನುಷ್ಯ, ಪ್ರತಿ ಪ್ರಶ್ನೆಗೂ ಮುಂಚೆ "ಅದೇನಂಡೀ" ಅನ್ನುವರು. ಗಾಳಿ ಯಾವ ದಿಕ್ಕಿಗಿತ್ತು, ಎಷ್ಟು ದೂರ, ನೀನು ನೋಡಿದ್ದೀಯಾ, ಎಲ್ಲ ಕೇಳಿದೆ. ದ್ಯಾವಪ್ಪ ಗಟ್ಟಿಯಾಗಿ ನಿಂತ. ಆಗ ನನ್ನ ತಲೆಯಲ್ಲಿ ಹನುಮಸಾಗರದ ನಮ್ಮ ಕಾಕಾ ಸುಳಿದರು. ಅವರ ಹತ್ತಿಯೂ ಒಮ್ಮೆ ಹೀಗೇ ಮುದುಡಿತ್ತು.

"ಅದೇನಂಡೀ, ದ್ಯಾವಪ್ಪನವರೇ, ಹತ್ತಿಗೆ ಹುಳದ ಎಣ್ಣಿ ನೀವ ಹೊಡದ್ರಲ್ಲ, ಆ ಪಂಪಿನಿಂದ ಅದಕ್ಕ ಮೊದ್ಲು ಏನು ಹೊಡದಿದ್ರಿ?"

ದ್ಯಾವಪ್ಪ ಮುಗ್ಧವಾಗಿ, "ಗದ್ದಿಗೆ ಕಸದ ಎಣ್ಣಿ ಹೊಡದಿದ್ನಿರಿ," ಅಂದ.

"ತೊಳದಿದ್ರೇನು?"

"ಒಂದ ಸಲ ನೀರು ಹಾಕಿ ಕುಲುಕಿ ಚೆಲ್ಲೀನ್ರಿ."

ಪೆನ್ಸಿಲ್ ಕುಟ್ಟುವ ಸದ್ದು ಬರಲಿಲ್ಲ. ಹತ್ತಿ ಎಲೆ ಮುದುಡಲು ಅಷ್ಟು ಸಾಕು. ಪಂಪಿನ ತಳದಲ್ಲಿ ಉಳಿದ ಒಂದು ಗುಟುಕು ಕಸದ ಎಣ್ಣಿ ಸಾಕು. ಡ್ರೋನಿನದು ತಪ್ಪಲ್ಲ ಎಂದು ಆ ಬೆವರಿನ ಕೋಣೆಯಲ್ಲಿ ಇಬ್ಬರಿಗೆ ತಿಳಿಯಿತು. ದ್ಯಾವಪ್ಪನಿಗೆ ಇನ್ನೂ ತಿಳಿದಿರಲಿಲ್ಲ.

ಅವರು ಹೆಬ್ಬೆರಳು ನಾಲಿಗೆಗೆ ತಾಗಿಸಿದರು. "ಸದರಿ ಪ್ರಶ್ನಿ ಆ ವಕೀಲನ ತಲ್ಯಾಗ ಹುಟ್ಟಂಗಿಲ್ಲ."

"ಹುಟ್ಟಿದ್ರರಿ?" ಅಂದೆ ನಾನು.

"ಹುಟ್ಟಿದ್ರ ಇಂವ ನೆನಪಿಲ್ಲ ಅನ್ನಲಿ. ಏ ನಕಲಿ, ಮತ್ತೊಮ್ಮೆ ಕೇಳು."

ನಾನು ಕೇಳಿದೆ. ಇದನ್ನೂ ಮುಚ್ಚಿಡದೆ ಬರೆಯಬೇಕು. ಒಂದಲ್ಲ, ಆರೇಳು ಸಲ ಕೇಳಿದೆ, 'ನೆನಪಿಲ್ಲರಿ' ಎಂಬುದು ದ್ಯಾವಪ್ಪನ ಬಾಯಲ್ಲಿ ಎಲೆ ಅಡಿಕೆಯ ಹಾಗೆ ಮೆತ್ತಗಾಗುವವರೆಗೆ. ನಡುನಡುವೆ 'ಅದೇನಂಡೀ'ಯನ್ನು ಇನ್ನಷ್ಟು ಎಳೆದು ಅವನನ್ನು ನಗಿಸಿದೆ ಕೂಡ. ನನ್ನ ಕಲೆಗೆ ನಾನೇ ಮೆಚ್ಚಿದ್ದೆ.

ಗಂಗಾವತಿಯ ಕೋರ್ಟಿನಲ್ಲಿ ಎಲ್ಲ ಅವರು ಹೇಳಿದಂತೆಯೇ ನಡೆಯಿತು. ಮಾಮುವಿನ ವಕೀಲರು ಗಾಳಿ ಕೇಳಿದರು, ದೂರ ಕೇಳಿದರು, "ಇಷ್ಟೇ ಸ್ವಾಮಿ," ಎಂದು ಕೂತರು. ಪಂಪಿನ ಪ್ರಶ್ನೆ ಅವರ ತಲೆಯಲ್ಲಿ ಹುಟ್ಟಲಿಲ್ಲ. ಹಿಂದಿನ ಬೆಂಚಿನಲ್ಲಿ ಮಾಮು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ಜಡ್ಜರು ದ್ಯಾವಪ್ಪನಿಗೆ ಇಳಿ ಎಂದರು. ದ್ಯಾವಪ್ಪ ಇಳಿಯಲಿಲ್ಲ. ಒಮ್ಮೆ ಆ ವಕೀಲರನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಊಟ ಬಡಿಸಿ ಹುಗ್ಗಿ ಮರೆತರೆ ಹೇಗೆ ನೋಡುತ್ತಾರೋ ಹಾಗೆ.

"ಸಾಹೇಬ್ರ, ಪಂಪಿಂದು ಕೇಳಲಿಲ್ಲ ನೀವು?"

ಜಡ್ಜರು ತಲೆ ಎತ್ತಿದರು. "ಯಾವ ಪಂಪು?"

"ನೆನಪಿಲ್ಲರಿ," ಅಂದ ದ್ಯಾವಪ್ಪ, ಒಂದು ಚೂರೂ ತಡವರಿಸದೆ.

ಕೋರ್ಟು ನಕ್ಕಿತು. ಜಡ್ಜರು ನಗಲಿಲ್ಲ. "ನೆನಪಿಲ್ಲದ ಪಂಪಿನ ಸುದ್ದಿ ನೀನ ಯಾಕ ತಗದಿ?"

"ಭಾನುವಾರ ಈ ಸಣ್ಣ ವಕೀಲರು ಆ ವಕೀಲರಂಗ ನಿಂತು ಪಂಪಿಂದು ಕೇಳಿದ್ರಿ. ಭಾಳ ಸಲ ಕೇಳಿದ್ರಿ. ಆ ವಕೀಲರಿಗಿಂತ ಇವರ ಛಲೋ ಕೇಳಿದ್ರಿ."

ಮಾಮುವಿನ ವಕೀಲರು ಆಗ ಎದ್ದರು. ಸಾಧುವೇ ಹೌದು, ಕಿವುಡರಲ್ಲ. ಅಪ್ಪಣೆ ಕೇಳಿ, "ಅದೇನಂಡೀ," ಎಂದು ಶುರು ಮಾಡಿ, ಐದು ನಿಮಿಷದಲ್ಲಿ ಪಂಪು, ಕಸದ ಎಣ್ಣಿ, ಕುಲುಕಿ ಚೆಲ್ಲಿದ ನೀರು ಎಲ್ಲವನ್ನೂ ದ್ಯಾವಪ್ಪನ ಬಾಯಿಂದಲೇ ಮೇಜಿನ ಮೇಲೆ ಸುರಿಸಿಬಿಟ್ಟರು. ದಾವೆ ಅವತ್ತೇ ಸತ್ತಿತು. ತೀರ್ಪು ಬಂದದ್ದು ಆಮೇಲೆ. ನಮ್ಮವರು ನನ್ನತ್ತ ತಿರುಗಿ ನೋಡಿದ ನೋಟವನ್ನು ಮಾತ್ರ ನಾನು ಇಂದಿಗೂ ನಕಲು ಮಾಡಿಲ್ಲ. ಬರುವುದಿಲ್ಲ ಅಂತಲ್ಲ.

ಅವರ ಕಾರಿನಲ್ಲೇ ಕೊಪ್ಪಳಕ್ಕೆ ಮರಳಿದೆವು. ಊರು ಮುಟ್ಟಿದ ಮೇಲೆ, "ಸದರಿ ನಾಟಕ ಛಲೋ ಆತು," ಅಂದರು. ನಾನು ಬೇಕಂತಲೇ ಮಾಡಿಸಿದೆ ಎಂದು ಅವರ ಲೆಕ್ಕ. ನಾನು ಅಷ್ಟು ಒಳ್ಳೆಯವನಾಗಿದ್ದರೆ ಈ ಲೇಖನ ಬೇರೆ ಥರ ಇರುತ್ತಿತ್ತು.

ಮರುದಿನ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ತಾವು ಹೇಳುತ್ತ ಹೋದರು. ಪೊಲೀಸರಿಗೆ ಒಂದು ದೂರು. ಸದರಿ ಯಂತ್ರದ ಮಾದರಿಗೆ ದೆಹಲಿಯ ಪ್ರಮಾಣಪತ್ರವಿಲ್ಲ. ಸದರಿ ಯಂತ್ರಕ್ಕೆ ನೋಂದಣಿ ನಂಬರಿಲ್ಲ. ಸದರಿ ಯಂತ್ರ ಹಾರಿಸುವ ಇಸ್ಮಾಯಿಲ್ ಎಂಬುವವನಿಗೆ ಲೈಸೆನ್ಸಿಲ್ಲ. ಮೂರೂ ನಿಜ. ಪಂಪಿನ ವಿಷಯದಲ್ಲಿ ಸುಳ್ಳಿನಿಂದ ಆಗದ್ದನ್ನು ಅವರು ನಿಜದಿಂದ ಮಾಡಿ ಮುಗಿಸಿದರು.

ಬೆರಳು ನಿಲ್ಲಿಸಿ ನಾನು ಕೇಳಿದೆ, "ಸರ್, ಆ ಮನುಷ್ಯಾಂದು ತಪ್ಪಿಲ್ಲ ಅಂತ ನಮಗೂ ಗೊತ್ತೈತಿ. ಅವರ ಯಂತ್ರ ಯಾರಿಗೆ ಏನು ಮಾಡೇತ್ರಿ?"

"ಏನೂ ಮಾಡಿಲ್ಲ."

"ಮತ್ತ?"

"ಬಿದ್ದ ದಿನ ಯಾರನ್ನ ಕರೀತಿ? ಯಾರ ಸಹಿ ಐತಿ ಅದರ ಮ್ಯಾಲ? ಕುಂದ್ರು, ಟೈಪ್ ಮಾಡು."

ಮಾಡಿದೆ. ಒಂದು ಅಕ್ಷರ ತಪ್ಪಿಲ್ಲದೆ ಮಾಡಿದೆ. ಪೊಲೀಸರು ಹೋಗಿ ಡ್ರೋನನ್ನು ಜಪ್ತಿ ಮಾಡಿ, ಮುದ್ದೆಮಾಲಿನ ಕೋಣೆಯಲ್ಲಿ ಕಳ್ಳತನದ ಮೋಟರ್‌ಸೈಕಲ್ಲುಗಳ ನಡುವೆ ಇಟ್ಟರು. ಮಾಮು ಮತ್ತೆ ಬೆನ್ನಿನ ಪಂಪುಗಳ ರಿಪೇರಿಗೆ ಕೂತರು. ಒಂದು ದಿನ ರಿಪೇರಿಗೆ ದ್ಯಾವಪ್ಪನ ಪಂಪೇ ಬಂತಂತೆ. ಮೂರು ಸಲ ತೊಳೆದು ಕೊಟ್ಟರಂತೆ.

ನಾನು ಆ ದಿನವೇ ಕರಿಕೋಟು ಬಿಚ್ಚಿ ಅವರ ಮೇಜಿನ ಮೇಲೆ ಎಸೆದು ಬಂದೆ ಎಂದು ಬರೆಯುವ ಆಸೆ ಇದೆ. ಬರಲಿಲ್ಲ. ಕೋಟು ಅವರದು, ಎಸೆದರೆ ನನ್ನ ಹತ್ತಿರ ಇನ್ನೊಂದಿರಲಿಲ್ಲ. ಇನ್ನೂ ಎಂಟು ತಿಂಗಳು ಆ ಆಡದ ಫ್ಯಾನಿನ ಕೆಳಗೆ ಬೆವರಿದೆ. ತಾಲೀಮು ಮಾತ್ರ ನಿಂತವು. ಅವರು ಕೇಳಲಿಲ್ಲ, ನಾನೂ ಮಾಡುತ್ತೇನೆ ಅನ್ನಲಿಲ್ಲ. ಕೊನೆಗೆ ಅಳತೆಗೆ ಸರಿಯಾದ ಕೋಟು ಹೊಲಿಸಿಕೊಂಡು ಗಂಗಾವತಿಗೆ ಹೋಗಿ ಒಂದು ಮೇಜು, ಎರಡು ಕುರ್ಚಿ, ಒಂದು ಫ್ಯಾನು ಇರುವ ಕೋಣೆ ಹಿಡಿದೆ. ಫ್ಯಾನು ಮಾತ್ರ ಬಂದ ಗಳಿಗೆಯಿಂದ ಹೋಗುವ ಗಳಿಗೆಯವರೆಗೆ ತಿರುಗುತ್ತಿತ್ತು, ಸೆಡವಿಗೆ. ಅವರು ಎದೆನೋವಿನಿಂದ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೋದರು ಎಂಬ ಸುದ್ದಿ ನನಗೆ ಬಂದದ್ದು ಅದರ ಕೆಳಗೆ ಕೂತಿದ್ದಾಗಲೇ. ಅಳು ಬರಲಿಲ್ಲ. ಮೇಲೆ ನೋಡಿದೆ ಅಷ್ಟೇ.

ಶೋಕಸಭೆಯ ಮರುವಾರ ಇಸ್ಮಾಯಿಲ್ ಮಾಮು ನನ್ನ ಕೋಣೆಗೆ ಬಂದರು. ಡ್ರೋನು ಬಿಡಿಸಿಕೊಳ್ಳುವ ಅರ್ಜಿಗೆ ನನ್ನ ವಕಾಲತ್ತು. ಮೊದಲಿನ ವಕೀಲರನ್ನು ಬಿಟ್ಟು ನನ್ನ ಹತ್ತಿರವೇ ಯಾಕೆ ಎಂದು ಕೇಳಿದೆ. "ಟೈಪ್ ಮಾಡಿದ್ದು ನೀ ಅಲ್ಲೇನು? ಬಿಚ್ಚಾಕೂ ನಿನಗ ಗೊತ್ತಿರ್ತೈತಿ," ಅಂದರು. ಅವರ ಮುಖದಲ್ಲಿ ನಗೆ ಇರಲಿಲ್ಲ. ನನಗೆ ಸಲ್ಲಬೇಕಾದದ್ದು ಸಂದಿತು.

ಈ ನಡುವೆ ಮಾಮು ತರಬೇತಿಗೆ ಹೋಗಿ ಹಾರಿಸುವ ಲೈಸೆನ್ಸು ತಂದಿದ್ದರು. ಮಾದರಿಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ್ದರು. ಪರೀಕ್ಷೆಗೆ ಯಂತ್ರ ಕಳಿಸಬೇಕು, ಯಂತ್ರ ಪೊಲೀಸರ ಹತ್ತಿರ. ಅರ್ಜಿ ವಿಚಾರಣೆಗೆ ಬರುವ ಮುಂಚಿನ ದಿನ, ನಾಳೆ ಮ್ಯಾಜಿಸ್ಟ್ರೇಟರು ಅವರನ್ನೇ ಎರಡು ಮಾತು ಕೇಳಬಹುದು ಎಂದು ಹೇಳಿದೆ.

"ಅರೆ ಹಂಗಾದ್ರ ತಾಲೀಮು ಮಾಡಸು," ಅಂದರು ಮಾಮು. "ನಿಮ್ಮ ದೊಡ್ಡ ವಕೀಲರಂಗ ಕೇಳು. ಅವರ ಮುಂದ ಪಾಸಾದ್ರ ಯಾರ ಮುಂದನೂ ಪಾಸು."

ಬೇಡ ಅಂದೆ. ಬಿಡಲಿಲ್ಲ. ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಹೆಬ್ಬೆರಳು ನಾಲಿಗೆಗೆ ತಾಗಿಸಿದೆ. ಧ್ವನಿ ತಾನಾಗಿ ಬಂತು. ಸದರಿ ಯಂತ್ರ ಯಾರು ಕೂಡಿಸಿದರು, ಸದರಿ ಲೈಸೆನ್ಸು ಎಲ್ಲಿಯದು. ಮಾಮು ಒಂದೊಂದಕ್ಕೂ ಸರಿಯಾಗಿ ಉತ್ತರಿಸಿದರು. ಸಾಕು ಎಂದು ಏಳುವವನಿದ್ದೆ. ಬಾಯಿ ನಿಲ್ಲಲಿಲ್ಲ.

"ಸದರಿ ಯಂತ್ರ ಗದ್ದಿ ಮ್ಯಾಲ ಹಾರಾಕತ್ತೈತಿ. ಕೆಳಗ ಹೆಣ್ಮಕ್ಳು ನಾಟಿ ಹಚ್ಚಾಕತ್ಯಾರ. ಒಂದು ರೆಕ್ಕಿ ಸಡ್ಲಾತು, ಬಿತ್ತು. ಯಾರನ್ನ ಕರೀಲಿ?"

ಮಾಮುವಿಗೆ ನವಲಿಯ ಗದ್ದೆಯಲ್ಲಿ ಸೊಸೆಯ ಮಾತಾಡಿದ ಆ ಹೆಂಗಸು ನೆನಪಾಗಿರಬೇಕು. ನಿಧಾನಕ್ಕೆ ಕತ್ತೆತ್ತಿ ನನ್ನ ಫ್ಯಾನು ನೋಡಿದರು.

"ಹೋದ್ರು ಅಂದಿದ್ದೆಲ್ಲೋ ಅವರು?" ಅಂದರು.

ನಾನು ನನ್ನ ಧ್ವನಿಗೆ ಮರಳಿ ನಕ್ಕೆ. "ಬಿಡ್ರಿ ಮಾಮು. ನಾಳೆ ಯಾರೂ ಕೇಳಂಗಿಲ್ಲ. ಆ ಪ್ರಶ್ನಿ ಅವರ ತಲ್ಯಾಗ ಹುಟ್ಟಂಗಿಲ್ಲ."

"ಹುಟ್ಟಿದ್ರ?" ಅಂದರು ಮಾಮು.

ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು. ನೆನಪಿಲ್ಲ ಅನ್ರಿ. ನಕಲು ಮಾಡುತ್ತಿರಲಿಲ್ಲ ನಾನು. ಹೆಬ್ಬೆರಳು ಎಲ್ಲಿತ್ತು ಎಂದು ನೋಡಿಕೊಂಡೆ, ಮೇಜಿನ ಮೇಲಿತ್ತು. ಮಾತು ಮಾತ್ರ ಅವರದೇ. ಅದನ್ನು ನುಂಗಿ ಒಂದು ಬಿಳಿ ಹಾಳೆ ಎಳೆದುಕೊಂಡೆ. 'ಬಿದ್ದರೆ' ಎಂದು ಮೇಲೆ ಬರೆದು, ಮಾಮುವಿನ ಮಾತಿನಲ್ಲೇ ಮುಂದುವರಿಸಿದೆ. ಕೆಳಗೆ ಜನ ಇದ್ದಾಗ ಹಾರಿಸುವುದಿಲ್ಲ. ಪ್ರತಿ ಸಲ ಹಾರಿಸುವ ಮುಂಚೆ ರೆಕ್ಕೆಯ ನಟ್ಟು ನಾನೇ ತಿರುಗಿಸಿ ನೋಡುತ್ತೇನೆ. ಏನಾದರೂ ಆದರೆ ನನ್ನನ್ನು ಕರೆಯಬೇಕು. ಇಷ್ಟು ಬರೆಯಲು ಸಂಜೆಯಾಯಿತು. ಮಾಮು ಸಹಿ ಮಾಡಿದರು.

ಮರುದಿನ ಮ್ಯಾಜಿಸ್ಟ್ರೇಟರು ಕೇಳಿದ ಮೊದಲ ಪ್ರಶ್ನೆಯೇ ಅದು. "ಇದು ಬಿದ್ರ ಯಾರು ಹೊಣೆ?" ಮಾಮು ಹಾಳೆ ಮುಂದೆ ಹಿಡಿದರು. ಡ್ರೋನು ಷರತ್ತಿನ ಮೇಲೆ ಬಿಡುಗಡೆಯಾಯಿತು: ಪರೀಕ್ಷೆಗೆ ಕಳಿಸಬಹುದು, ಪ್ರಮಾಣಪತ್ರ ಬರುವವರೆಗೆ ಹಾರಿಸಕೂಡದು.

ಈಗ ಅದು ಮಾಮುವಿನ ಅಂಗಡಿಯಲ್ಲಿ ಹೂವಿನ ಚಾದರು ಹೊದ್ದು ಕೂತಿದೆ, ಪರೀಕ್ಷೆಯ ಸರದಿ ಕಾಯುತ್ತ. ಮೊನ್ನೆ ಹೋದಾಗ ಮಾಮು ಚಾದರು ಸರಿಸಿ ತೋರಿಸಿದರು. "ಹಾರಿಸೋ ದಿನ ನೀ ಬರಬೇಕು. ಮೊದ್ಲು ಅವರಂಗ ನಿಂತು ಕೇಳಬೇಕು, ಬಿದ್ರ ಯಾರನ್ನ ಕರೀಲಿ ಅಂತ. ಆಮ್ಯಾಲ ನಾ ಬಟನ್ ಒತ್ತೋದು."

"ನನ್ನ ಧ್ವನ್ಯಾಗ ಕೇಳ್ತೀನಿ ಬಿಡ್ರಿ."

"ನಿನ್ನ ಧ್ವನಿಗೆ ಯಾರು ಅಂಜ್ತಾರೋ?" ಅಂದರು.

ಸತ್ತರೂ ನನ್ನ ಗಂಟಲು ಬಿಡಲಿಲ್ಲ ಮುದುಕ.